ಭಾವ ನಡೆಯದ ಹದಿನೈದು ಹೆಜ್ಜೆ

ನಮ್ಮ ಭಾವನ ಕನ್ನಡಕದ ಅಂಗಡಿಯಲ್ಲಿ, ಕೌಂಟರಿನ ಕೆಳಗೆ, ಒಂದು ಆಳವಾದ ಡ್ರಾಯರ್ ಇದೆ. ಅದರ ತುಂಬ ಊರಿನವರು ಅವರಿಗೆ ಕೊಟ್ಟ ಉಡುಗೊರೆ. ಉಡುಗೊರೆ ಅನ್ನುವುದು ಭಾವನದೇ ಮಾತು. ಗಾಜು ಒಡೆದ ಕನ್ನಡಕ, ಒಂದೇ ಕಡ್ಡಿಯ ಕನ್ನಡಕ, ಮಕ್ಕಳ ಆಟದ ಪ್ಲಾಸ್ಟಿಕ್ ಕನ್ನಡಕ. ಒಂದಂತೂ ಬರೀ ತಂತಿ ಬಗ್ಗಿಸಿ ಮಾಡಿದ್ದು. ವರ್ಷಕ್ಕೊಮ್ಮೆ, ಭಾವ ರೆಫರಿಯಾಗಿದ್ದ ಒಂದು ಫೈನಲ್ ಆಟದ ತಾರೀಖಿಗೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಇಂಥದ್ದೊಂದು ಇರುತ್ತಿತ್ತು. ತಗೊಳ್ಳಯ್ಯ ಕುರುಡ, ಇನ್ನಾದರೂ ಕಣ್ಣು ಬಿಟ್ಟು ನೋಡು, ಅಂತ ಅದರ ಅರ್ಥ. ಮೊದಲು ಇಟ್ಟವರು ಯಾರೋ, ಈಗ ಇಡುವವರು ಯಾರೋ. ಆ ಆಟ ನಡೆದಾಗ ಹುಟ್ಟೇ ಇರದವರೂ ಇಟ್ಟಿರಬಹುದು. ಸಿಟ್ಟು ಹಳೆಯದಾದರೆ ಪದ್ಧತಿಯಾಗುತ್ತದೆ.

ಭಾವ ವಾರದಲ್ಲಿ ಆರು ದಿನ ಲೆನ್ಸ್ ಉಜ್ಜುತ್ತಿದ್ದರು, ಭಾನುವಾರ ರಗ್ಬಿ ರೆಫರಿ. ವ್ಯಾಪಾರಕ್ಕೆ ಲಾಯಕ್ಕಾದ ಮನುಷ್ಯರಲ್ಲ. ಯಾರಾದರೂ ಆಸೆಪಟ್ಟು ಒಂದು ಫ್ರೇಮ್ ಎತ್ತಿಕೊಂಡರೆ, "ಅದು ನಿಮ್ಮ ಮುಖಕ್ಕೆ ಆಗಲ್ಲ, ಗೂಬೆ ಥರ ಕಾಣ್ತೀರಿ" ಎಂದು ಬಿಡುತ್ತಿದ್ದರು. ಅಕ್ಕ ಒಳಗಿನಿಂದ ಕೆಮ್ಮಿದರೂ ತಡೆಯುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದೇ ಅವರಿಗೆ ಗೊತ್ತಿದ್ದ ಒಂದೇ ವಿದ್ಯೆ. ಮೈದಾನದಲ್ಲಿ ಆ ವಿದ್ಯೆಗೆ ಬೆಲೆ ಇತ್ತು. ಅಂಗಡಿಯಲ್ಲಿ ಇರಲಿಲ್ಲ.

ನನ್ನನ್ನು ಆ ಆಟಕ್ಕೆ ಎಳೆದವರೂ ಅವರೇ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ನಾನು ಕೆಲಸವಿಲ್ಲದೆ ಅಕ್ಕನ ಮನೆಯ ಅನ್ನ ಕರಗಿಸುತ್ತಿದ್ದೆ. "ಸುಮ್ನೆ ಕೂತು ತುಕ್ಕು ಹಿಡೀಬೇಡ, ಬಾ" ಎಂದು ಕೈಗೊಂದು ಬಾವುಟ ಕೊಟ್ಟರು. ಲೈನ್‌ಮನ್ ಕೆಲಸ. ರಗ್ಬಿಯಲ್ಲಿ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡಿ ಎದುರಾಳಿಯ ಕೊನೆಗೆರೆಯಾಚೆ ನೆಲಕ್ಕೆ ಒತ್ತಬೇಕು. ಒತ್ತಿದರೆ ಟ್ರೈ, ಐದು ಅಂಕ. ದಾರಿಯಲ್ಲಿ ಪಕ್ಕದ ಗೆರೆ ತುಳಿದರೆ ಓಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ತುಳಿದನೋ ಇಲ್ಲವೋ ನೋಡಿ ಬಾವುಟ ಎತ್ತುವವನು ಲೈನ್‌ಮನ್.

ಭಾವ ನನಗೆ ಎರಡೇ ಪಾಠ ಹೇಳಿಕೊಟ್ಟಿದ್ದರು. ಒಂದು, "ಗೆರೆ ನಿಂದು, ಮೈದಾನ ನಂದು. ಗೆರೆ ವಿಷಯಕ್ಕೆ ನಾನು ಬರಲ್ಲ." ಎರಡು, "ಎತ್ತೋ ಮುಂಚೆ ಹತ್ತು ಸಲ ಯೋಚ್ನೆ ಮಾಡು. ಎತ್ತಿದ ಬಾವುಟ ಇಳಿಸೋದು ಅಂದ್ರೆ ಉಗುಳಿದ್ದನ್ನ ನುಂಗಿದ ಹಾಗೆ."

ಆ ಫೈನಲ್ ನನ್ನ ನಾಲ್ಕನೆಯ ಆಟ. ನಮ್ಮೂರಿನ ತಂಡ ಮೂರು ಅಂಕ ಹಿಂದಿತ್ತು, ಉಳಿದದ್ದು ಎರಡು ನಿಮಿಷ. ಅಂಚಿನಲ್ಲಿ ಓಡುವ ಹುಡುಗನ ಕೈಗೆ ಚೆಂಡು ಸಿಕ್ಕಿತು. ಊರಿನವರು ಅವನನ್ನು ಜಿಂಕೆ ಎಂದು ಕರೆಯುತ್ತಿದ್ದರು. ನನ್ನ ಮುಂದೆಯೇ, ಗೆರೆಗೆ ಅಂಟಿಕೊಂಡ ಹಾಗೆ ಓಡಿಬಂದ. ಅವನ ಬೂಟು ಬಿಳಿ ಸುಣ್ಣದ ಮೇಲೆ ಬಿದ್ದದ್ದನ್ನು ನಾನು ನೋಡಿದೆ, ಬಾವುಟ ಎತ್ತಿದೆ. ಅವನು ಹೋಗಿ ಚೆಂಡು ಒತ್ತಿದ. ಭಾವ ಬಾವುಟ ನೋಡಿದರು, ಸೀಟಿ ಊದಿದರು, ಟ್ರೈ ಇಲ್ಲ ಎಂದು ಕೈ ಆಡಿಸಿದರು.

ಆಗ ನಾನು ಕೆಳಗೆ ನೋಡಿದೆ. ಅಲ್ಲಿ ಎರಡು ಗೆರೆ ಇದ್ದವು.

ಹಿಂದಿನ ವಾರ ಎಳೆದ ಸುಣ್ಣದ ಗೆರೆ ಮಳೆಗೆ ಅರ್ಧ ತೊಳೆದುಹೋಗಿತ್ತು. ಮೈದಾನ ನೋಡಿಕೊಳ್ಳುವವನು ಆ ಬೆಳಿಗ್ಗೆ ಹಗ್ಗ ಕಟ್ಟಿ ಹೊಸ ಗೆರೆ ಎಳೆದಿದ್ದ, ಹಳೆಯದಕ್ಕಿಂತ ಒಂದು ಗೇಣು ಹೊರಗೆ. ಜಿಂಕೆಯ ಬೂಟಿನ ಗುರುತು ಹಳೆಯ ಗೆರೆಯ ಮೇಲೆ ಅಚ್ಚೊತ್ತಿದ ಹಾಗೆ ಕೂತಿತ್ತು. ಹೊಸ ಗೆರೆ ಮುಟ್ಟಿರಲೇ ಇಲ್ಲ. ಟ್ರೈ ಸರಿಯಾಗಿತ್ತು.

ಬಾವುಟ ಇನ್ನೂ ನನ್ನ ಕೈಯಲ್ಲಿ ಮೇಲೆಯೇ ಇತ್ತು. ಇಳಿಸಿ, ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದು ಬೇರೆ. ಹೆಜ್ಜೆ ಸರಿಸುವವನ ಹಾಗೆ ಎಡಗಾಲು ಚಾಚಿ ಆ ಗುರುತನ್ನು ಉಜ್ಜಿಬಿಟ್ಟೆ. ಎರಡು ಸಲ. ಮೂರನೆಯದು ಬೇಕಾಗಲಿಲ್ಲ.

ಅಷ್ಟರಲ್ಲಿ ಜಿಂಕೆ ಏದುಸಿರು ಬಿಡುತ್ತ ಭಾವನ ಮುಂದೆ ನಿಂತಿದ್ದ. "ಸರ್, ಒಂದ್ಸಲ ಬಂದು ಗೆರೆ ನೋಡಿ ಸರ್." ರಗ್ಬಿಯಲ್ಲಿ ರೆಫರಿ ಜೊತೆ ಮಾತಾಡುವ ಹಕ್ಕು ನಾಯಕನಿಗೆ ಮಾತ್ರ. ಭಾವ ಕೈ ಅಡ್ಡ ಹಿಡಿದರು. ಅವನು ಮತ್ತೆ, "ಒಂದೇ ಸಲ ಸರ್" ಎಂದ. ಭಾವ ಹಳದಿ ಕಾರ್ಡ್ ತೋರಿಸಿದರು, ಹತ್ತು ನಿಮಿಷ ಹೊರಗೆ. ಉಳಿದದ್ದೇ ಎರಡು ನಿಮಿಷ. ಅವನ ಪಾಲಿಗೆ ಆಟ ಮುಗಿಯಿತು. ಭಾವ ನಿಂತ ಜಾಗದಿಂದ ಆ ಗೆರೆಗೆ ಹದಿನೈದು ಹೆಜ್ಜೆ. ಅವರು ನಡೆಯಲಿಲ್ಲ.

ಊರು ಸೋತಿತು. ಬಾವುಟ ಎತ್ತಿದವನ ಮುಖ ಯಾರಿಗೂ ನೆನಪಿರಲಿಲ್ಲ, ಸೀಟಿ ಊದಿದವರ ಮನೆ ಎಲ್ಲರಿಗೂ ಗೊತ್ತಿತ್ತು. ಆ ಸಂಜೆಯೇ ಅಂಗಡಿಯ ಗಾಜು ಹೋಯಿತು. ಬೋರ್ಡಿನ ಮೇಲೆ ಬರೆದ ದೊಡ್ಡ ಕಣ್ಣಿಗೆ ಯಾರೋ ಡಾಂಬರು ಬಳಿದರು. ಭಾವ ಆಗ ಕನ್ನಡಕವನ್ನೇ ಹಾಕುತ್ತಿರಲಿಲ್ಲ, ಆದರೂ ಸೋಡಾಬುಡ್ಡಿ ಎಂದು ಹೆಸರು ಬಿತ್ತು. ಅಕ್ಕನ ಮಗಳು ಶಾಲೆಯಿಂದ ಅಳುತ್ತ ಬಂದಳು; ಹುಡುಗರು ಅವಳ ಮುಂದೆ ಕಣ್ಣು ಮುಚ್ಚಿಕೊಂಡು, ಗೋಡೆ ತಡಕಾಡುತ್ತ ನಡೆದರಂತೆ. ಫೋನ್ ಎತ್ತಿದರೆ ಬೈಗುಳ, ಇಟ್ಟರೆ ಮತ್ತೆ ಗಂಟೆ. ಕ್ಷೌರದಂಗಡಿಯವನು ಕತ್ತಿಯನ್ನು ಕುತ್ತಿಗೆಯ ಹತ್ತಿರ ಹಿಡಿದು, "ನಿಜ ಹೇಳಿ ಸರ್, ಅದು ಟ್ರೈ ಅಲ್ವಾ?" ಎಂದು ಕೇಳಿದ್ದನಂತೆ. "ಮೊದ್ಲು ಗಡ್ಡ ಮುಗಿಸಪ್ಪ, ಆಮೇಲೆ ಹೇಳ್ತೀನಿ" ಎಂದರಂತೆ ಭಾವ. ಅದನ್ನು ಅವರೇ ನಗುತ್ತ ಹೇಳಿದ್ದರು. ನಾವೂ ನಕ್ಕೆವು.

ಒಂದು ಸಲವಾದರೂ ಅವರು, ಬಾವುಟ ಎತ್ತಿದ್ದು ನನ್ನ ಭಾವಮೈದ, ಅವನನ್ನು ಕೇಳಿ ಎನ್ನಲಿಲ್ಲ. "ಸೀಟಿ ಊದಿದವನದ್ದೇ ತೀರ್ಪು" ಎಂದು ಬಾಯಿ ಮುಚ್ಚಿಕೊಂಡರು. ಮತ್ತೆ ಸೀಟಿ ಹಿಡಿಯಲಿಲ್ಲ. ನಾನೂ ಬಾವುಟ ಬಿಟ್ಟೆ. ಭಾವನಿಗೆ ಬೇಜಾರಾದ ಮೇಲೆ ನನಗೇನು ಆಟ ಎಂದು ಬಿಟ್ಟನಲ್ಲ ಅಂತ ಮನೆಯವರೆಲ್ಲ ನನ್ನನ್ನು ಹೊಗಳಿದರು. ಕಳ್ಳನಿಗೆ ಸನ್ಮಾನ ಮಾಡಿದ ಹಾಗೆ.

ಆಮೇಲೆ ಶುರುವಾಯಿತು ಆ ನಡಿಗೆ. ಗಿರಾಕಿ ಇಲ್ಲದ ಮಧ್ಯಾಹ್ನ ಭಾವ ಲೆನ್ಸ್ ಉಜ್ಜುವ ಯಂತ್ರ ನಿಲ್ಲಿಸಿ ಎದ್ದು, ಕೌಂಟರಿನಿಂದ ಕಣ್ಣು ಪರೀಕ್ಷೆಯ ಅಕ್ಷರಗಳ ಪಟದವರೆಗೆ, ಅಲ್ಲಿಂದ ತಿರುಗಿ ಬಾಗಿಲಿನವರೆಗೆ ನಡೆಯುತ್ತಿದ್ದರು. ಹದಿನೈದು ಹೆಜ್ಜೆ. ಕೊನೆಯಲ್ಲಿ ನಿಂತು ನೆಲ ನೋಡುತ್ತಿದ್ದರು. ನೆಲದಲ್ಲಿ ಏನೂ ಇರುತ್ತಿರಲಿಲ್ಲ. ಅಕ್ಕ ಮೊದಮೊದಲು ವ್ಯಾಯಾಮ ಎಂದುಕೊಂಡಿದ್ದಳು. ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, "ಅವರು ಮನೇಲೂ ಹಂಗೇ ನಡೀತಾರೆ ಕಣೋ. ಹದಿನೈದಕ್ಕೆ ನಿಂತು ಯಾರನ್ನೋ ಕಾದ ಹಾಗೆ ಕೆಳಗೆ ನೋಡ್ತಾರೆ. ನಂಗೆ ಭಯ ಆಗತ್ತೆ" ಎಂದಳು. ನಾನು, "ವಯಸ್ಸಾಯ್ತಲ್ಲಕ್ಕ" ಎಂದೆ. ಭಾವನಿಗೆ ಆಗಿನ್ನೂ ನಲವತ್ತೈದು.

ಕಣ್ಣಿನ ವಿಷಯ ಇನ್ನೂ ಕೆಟ್ಟದು. ಆರು ತಿಂಗಳಿಗೊಮ್ಮೆ ತಮ್ಮ ಕಣ್ಣು ತಾವೇ ಪರೀಕ್ಷಿಸಿಕೊಳ್ಳುತ್ತಿದ್ದರು. ಪಟದ ಎದುರು ಕೂತು ಒಂದು ಕಣ್ಣು ಮುಚ್ಚಿ ಓದುವರು, ಇನ್ನೊಂದು ಮುಚ್ಚಿ ಓದುವರು. ದೋಷ ಸಿಗದಿದ್ದರೆ ಮುಖ ಇಳಿಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಎಡಗಾಲಿನ ಅಡಿ ಜುಮ್ಮೆನ್ನುತ್ತಿತ್ತು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂಗಡಿಗೆ ಹೋಗಿ, ಕನ್ನಡಕದ ಬಟ್ಟೆ ಕೇಳಿ ಈಸಿಕೊಂಡು ಬಂದಿದ್ದೇನೆ. ನಮ್ಮ ಮನೆಯಲ್ಲಿ ಅಂಥ ಬಟ್ಟೆ ಒಂದು ರಾಶಿ ಇದೆ. ಕನ್ನಡಕ ಯಾರಿಗೂ ಇಲ್ಲ.

ಇಪ್ಪತ್ತೆರಡನೆಯ ವರ್ಷದ ಉಡುಗೊರೆ ಬಂದ ದಿನ, ಭಾನುವಾರ, ಭಾವ ನನ್ನನ್ನು ಮೈದಾನಕ್ಕೆ ಕರೆದರು. ಆಟ ಇರಲಿಲ್ಲ.

"ನೀನು ನಿಂತಿದ್ದ ಜಾಗದಲ್ಲಿ ನಿಂತ್ಕೋ."

ನಿಂತೆ. ಅವರು ತಮ್ಮ ಜಾಗಕ್ಕೆ ಹೋದರು. ಅಲ್ಲಿಂದ ನನ್ನ ಕಡೆ ನಡೆದು ಬಂದರು. ಮಂಡಿ ನೋವಿತ್ತು, ಹದಿನೈದು ಹೋಗಿ ಇಪ್ಪತ್ತಾಯಿತು. ನನ್ನ ಕಾಲ ಬಳಿ ನಿಂತು ಹುಲ್ಲು ನೋಡಿದರು.

"ಇಲ್ಲಿ ಏನಿತ್ತು?"

ಇಪ್ಪತ್ತೆರಡು ವರ್ಷದಲ್ಲಿ ಅವರು ಕೇಳಿದ್ದು ಅದೇ ಮೊದಲು. ಏನೂ ಇರಲಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿದೆ, ಆಗಲಿಲ್ಲ. ಎರಡು ಗೆರೆ, ಬೂಟಿನ ಗುರುತು, ನನ್ನ ಎಡಗಾಲು, ಎಲ್ಲ ಹೇಳಿದೆ. ಹೇಳಿ ಮುಗಿಸಿದಾಗ ಅಳುತ್ತಿದ್ದೆ.

ಭಾವ ಬಯ್ಯಲಿಲ್ಲ. "ಆ ಹುಡುಗ ಗೆರೆ ನೋಡಿ ಅಂದ. ನಾನು ಬರಲಿಲ್ಲ" ಎಂದರು. "ಯಾಕೆ ಗೊತ್ತಾ? ಅಷ್ಟು ಜನದ ಮುಂದೆ ನಾನು ಬಂದು ನೋಡಿದ್ರೆ ನಿನ್ನ ನಂಬಲಿಲ್ಲ ಅಂತ ಆಗ್ತಿತ್ತು. ನಿಮ್ಮಕ್ಕನಿಗೆ ಏನಂತ ಹೇಳ್ಲಿ? ಅಲ್ಲಿಂದ ನಂಗೆ ಟ್ರೈ ಸರಿಯಾಗೇ ಕಂಡಿತ್ತು ಕಣೋ. ನನ್ನ ಕಣ್ಣು ಬಿಟ್ಟು ನಿನ್ನ ಬಾವುಟ ನಂಬಿದೆ."

ಮಾರನೆಯ ದಿನ ಅಂಗಡಿಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಒಂದು ಕಣ್ಣು ಮುಚ್ಚಿಸಿ ಪಟ ಓದಿಸಿದರು. ನಾನು ಕೊನೆಯ ಸಾಲಿನವರೆಗೂ ಓದಿದೆ. ಇನ್ನೊಂದು ಕಣ್ಣು. ಅದೂ ಕೊನೆಯ ಸಾಲು.

"ದೋಷ ಇಲ್ಲ" ಎಂದರು. ಪಟದ ದೀಪ ಆರಿಸಿ, "ಇದ್ದಿದ್ರೆ ಚೆನ್ನಾಗಿತ್ತು" ಎಂದರು.

"ಊರಿಗೆಲ್ಲ ಹೇಳಿಬಿಡ್ತೀನಿ ಭಾವ."

"ಊರಿಗೆ ಬೇಡ. ಊರಿಗೆ ಸೀಟಿ ಊದಿದ್ದು ನಾನು. ಆ ಹುಡುಗನಿಗೆ ಹೇಳು. ಅವನೇ ಗೆರೆ ತುಳಿದು ಊರು ಸೋಲಿಸಿದ ಅಂತ ಅವನನ್ನೂ ಅಂದಿದ್ದಾರೆ. ಆ ವರ್ಷವೇ ಆಟ ಬಿಟ್ಟ."

ಜಿಂಕೆ ಈಗ ಬಸ್ ಡ್ರೈವರ್. ಡಿಪೋ ನಮ್ಮ ಮನೆಯಿಂದ ಎರಡು ಬೀದಿ. ನಾನು ಗೇಟಿನವರೆಗೆ ಹೋದೆ, ವಾಪಸ್ ಬಂದೆ. ಇನ್ನೊಂದು ದಿನ ಹೋದೆ, ಬಂದೆ. ವಾರ ಕಳೆದ ಮೇಲೆ ಭಾವ, "ಹೇಳಿದ್ಯಾ?" ಎಂದು ಕೇಳಿದರು.

"ಹೇಳಿದೆ" ಎಂದೆ.

"ಏನಂದ?"

"ಹೋಗ್ಲಿ ಬಿಡಿ ಅಂದ."

ಉಜ್ಜುವುದು ನನಗೆ ಅಭ್ಯಾಸವಾಗಿತ್ತು. ಆದರೆ ಕೆಲವೇ ದಿನಗಳಲ್ಲಿ ಆ ನಡಿಗೆ ನಿಂತಿತು. ಭಾವ ಮಧ್ಯಾಹ್ನ ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದರು. ಅಕ್ಕ ನನಗೆ ಕೈ ಮುಗಿದಳು, ಏನು ಮಾಯ ಮಾಡಿದೆಯೋ ಎಂದು. ಸುಳ್ಳಾದರೂ ಒಳ್ಳೆಯದೇ ಆಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾವ ಎದ್ದೇಳಲಿಲ್ಲ. ಮುಖ ನೆಮ್ಮದಿಯಾಗಿತ್ತು. ಅದನ್ನು ನೋಡಲು ನನಗೆ ಆಗಲಿಲ್ಲ.

ಆಮೇಲೆ ನಡೆಯುವ ಸರದಿ ನನ್ನದಾಯಿತು. ಅಂಗಡಿ ನೋಡಿಕೊಳ್ಳುತ್ತ ಕೂತವನು ಯಾವಾಗ ಏಳುತ್ತಿದ್ದೆನೋ ತಿಳಿಯದು; ಬಾಗಿಲ ಬಳಿ ನಿಂತು ನೆಲ ನೋಡುತ್ತಿರುವಾಗಲೇ ಎಚ್ಚರವಾಗುತ್ತಿತ್ತು.

ಈ ವರ್ಷ ಅದೇ ತಾರೀಖಿಗೆ ಮೆಟ್ಟಿಲ ಮೇಲೆ ಕನ್ನಡಕ ಇತ್ತು. ಸತ್ತವರನ್ನೂ ಬಿಡಲಿಲ್ಲ ಊರು. ಎತ್ತಿಕೊಂಡೆ, ಡ್ರಾಯರಿಗೆ ಹಾಕಲು ಮನಸ್ಸು ಬರಲಿಲ್ಲ. ಅದನ್ನು ಹಿಡಿದುಕೊಂಡೇ ಡಿಪೋಗೆ ಹೋದೆ. ಗೇಟು ದಾಟಿದೆ.

ಜಿಂಕೆ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ. ತಲೆ ಅರ್ಧ ನರೆತಿತ್ತು. ನನ್ನನ್ನೂ ನನ್ನ ಕೈಯಲ್ಲಿದ್ದ ಕನ್ನಡಕವನ್ನೂ ನೋಡಿ ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿದ.

"ಹೋದ ವರ್ಷ ನಿಮ್ಮ ಭಾವ ಬಂದಿದ್ರು" ಎಂದ. "ಇಲ್ಲೇ ನಿಂತು, ನನ್ನ ಭಾವಮೈದ ಬಂದು ನಿಂಗೆ ಹೇಳಿದ್ನಾ ಅಂತ ಕೇಳಿದ್ರು."

"ನೀವೇನಂದ್ರಿ?"

"ನೀವು ಬಂದೇ ಇರಲಿಲ್ಲ. ಏನು ಹೇಳ್ಬೇಕಿತ್ತು ಅಂತಲೂ ನಂಗೆ ಗೊತ್ತಿರಲಿಲ್ಲ. ಆದ್ರೆ ಅವರ ಮುಖ ನೋಡಿ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಹೇಳಿದ್ರು ಸರ್ ಅಂದೆ. ನನ್ನ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತಿದ್ರು, ಆಮೇಲೆ ಹೋದ್ರು."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತ.

"ಅವತ್ತಿಂದ ಕಾಯ್ತಾ ಇದ್ದೀನಿ. ಬಸ್ ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ. ಹೇಳಿ."

ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಅವನ ಎದುರು ನಿಂತು, ನಾನು ಹೇಳಿದೆ.