ಗಣಪಿ ಕಿತ್ತ ಚಿಲಕ

ಗಣಪಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುತ್ತಿರಲಿಲ್ಲ. ಸ್ವಂತ ತಂಗಿ ಬುಟ್ಟಿ ಹೊತ್ತು ತಂದ ಬಂಗಡೆಯನ್ನೂ ಕಿವಿರು ಎತ್ತಿ ನೋಡಿ, ಮೂಸಿ, ಆಮೇಲೆ ಒಳಗೆ ತೆಗೆದುಕೊಳ್ಳುವವಳು. "ನಾ ನಿನ್ನ ತಂಗಿ ಅಲ್ವನೇ?" ಎಂದು ತಂಗಿ ಸಿಟ್ಟಾದರೆ, "ನೀ ತಂಗಿ, ಮೀನು ತಂಗಿ ಅಲ್ಲ" ಎನ್ನುತ್ತಿದ್ದಳು. ಗಂಡ ದೋಣಿಯ ಜೊತೆ ಶರಾವತಿಯ ಅಳಿವೆಯಲ್ಲಿ ಮುಳುಗಿದ ಮೇಲೆ, ಹೊನ್ನಾವರದ ಕಡೆಯ ಒಂದು ಇಗರ್ಜಿಯ, ಅಂದರೆ ಚರ್ಚಿನ, ಹೆಣ್ಣುಮಕ್ಕಳ ಬೋರ್ಡಿಂಗಿಗೆ ಅಡುಗೆಯವಳಾಗಿ ಸೇರಿದಳು. ಅದು ಎಪ್ಪತ್ತೊಂದನೇ ಇಸವಿ. ಇಗರ್ಜಿಯವರ ದೇವರು ಬೇರೆ, ಅವಳ ದೇವರು ಬೇರೆ. ಇಪ್ಪತ್ತೆಂಟು ಮಕ್ಕಳ ಹಸಿವು ಮಾತ್ರ ಎಲ್ಲಾ ಕಡೆಯೂ ಒಂದೇ ಎಂದುಕೊಂಡು ಒಲೆ ಹಚ್ಚಿದಳು. ಕೊಂಕಣಿ ಅವಳಿಗೆ ಮೊದಲೇ ಬರುತ್ತಿತ್ತು.

ಆ ಬೋರ್ಡಿಂಗಿನಲ್ಲಿ ಮೋನಿ ಎಂಬವಳಿದ್ದಳು. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ, ಬುದ್ಧಿ ಆರು ವರ್ಷದ ಮಗುವಿನದು. ತಂದೆ ತಾಯಿ ಯಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುವುದು, ಅಂಗಳ ಗುಡಿಸುವುದು ಅವಳ ಕೆಲಸ. ತಳ ಹಿಡಿದ ಅನ್ನದ ಸೀಕು ಎಂದರೆ ಪ್ರಾಣ. ಗಣಪಿ ದಿನವೂ ಅದನ್ನು ಕೆರೆದು ಅವಳಿಗೆಂದೇ ಎತ್ತಿಡುತ್ತಿದ್ದಳು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಮೋನಿ ಸೀಕು ಮುಟ್ಟುವುದನ್ನು ಬಿಟ್ಟಳು. ಹಗಲಿನಲ್ಲಿ ಎರಡು ಮೂರು ಸಲ ಬಾವಿಕಟ್ಟೆಗೆ ಹೋಗಿ ಸೀರೆ ಸಮೇತ ನೀರು ಸುರಿದುಕೊಂಡು ನಿಲ್ಲುತ್ತಿದ್ದಳು. ಯಾರಾದರೂ ಹೆಸರು ಹಿಡಿದು ಕರೆದರೆ ಸೌದೆ ಒಟ್ಟಿದ ಮೂಲೆಗೆ ಹೋಗಿ ಮುದುರಿ ಕೂರುವಳು. "ಎಂತಾ ಆತೇ?" ಎಂದು ಗಣಪಿ ಕೇಳಿದರೆ ತಲೆ ಅಲ್ಲಾಡಿಸುವಳು, ಅಷ್ಟೇ.

ಗಣಪಿಯ ಸಂಶಯ ಮೊದಲು ಹೋಗಿ ಕೂತದ್ದು ದುರ್ಗಪ್ಪನ ಮೇಲೆ. ದುರ್ಗಪ್ಪ ಇಗರ್ಜಿಯ ತೆಂಗಿನಮರ ಹತ್ತುವವನು, ತೋಟಕ್ಕೆ ನೀರು ಬಿಡುವವನು. ಹಳದೀಪುರದವನು. ಮಾತು ಕಡಿಮೆ, ಒಂದು ಕಣ್ಣು ಸ್ವಲ್ಪ ಓರೆ. ಒಂದು ದಿನ ಮೋನಿಯ ಮುಷ್ಟಿಯಲ್ಲಿ ಪೆಪ್ಪರಮಿಂಟಿನ ಕಾಗದ ಸಿಕ್ಕಿತು. "ಯಾರು ಕೊಟ್ರೇ?" ಎಂದರೆ ಮೋನಿ ತೆಂಗಿನಮರದ ಕಡೆ ಬೆರಳು ತೋರಿಸಿದಳು. ಗಣಪಿಗೆ ಅಷ್ಟು ಸಾಕಾಯಿತು. ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಅಪೊಲಿನಾ ಹತ್ತಿರ ಹೋಗಿ, "ಅಂವ ಸರಿ ಇಲ್ಲ ಸಿಸ್ಟರ್. ಮಕ್ಕಳು ಇದ್ದ ಜಾಗದಲ್ಲಿ ಅವ್ನ ಇಟ್ಕಳ್ಬೇಡಿ" ಎಂದಳು. ಸಿಸ್ಟರ್ ಚಿಕ್ಕ ವಯಸ್ಸಿನವರು, ಹೆದರುವ ಸ್ವಭಾವ. ಮರುದಿನವೇ ದುರ್ಗಪ್ಪನ ಕೆಲಸ ಹೋಯಿತು. ಅವನು ಏಣಿ ಹೊತ್ತುಕೊಂಡು ಅಡುಗೆಮನೆಯ ಮುಂದೆಯೇ ಹಾದುಹೋದ. ಗಣಪಿಯ ಮುಖ ನೋಡಿದ, ಏನೂ ಹೇಳಲಿಲ್ಲ. ತಪ್ಪು ಮಾಡಿದವನು ಹೀಗೇ ಸುಮ್ಮನಿರುತ್ತಾನೆ ಎಂದುಕೊಂಡಳು ಗಣಪಿ.

ದುರ್ಗಪ್ಪ ಹೋಗಿ ವಾರವಾಯಿತು, ಹದಿನೈದು ದಿನವಾಯಿತು. ಮೋನಿ ಬಾವಿಕಟ್ಟೆಗೆ ಹೋಗುವುದು ನಿಲ್ಲಲಿಲ್ಲ.

ಆಗ ಗಣಪಿಗೆ ತಾನು ಹಿಡಿದದ್ದು ತಪ್ಪು ಮನುಷ್ಯನನ್ನೋ ಎಂಬ ಸಂಶಯ ಬಂತು. ಬಾಯಿ ಮುಚ್ಚಿಕೊಂಡು ದಿನಗಳನ್ನು ಗಮನಿಸತೊಡಗಿದಳು. ಮೋನಿ ನೀರು ಸುರಿದುಕೊಳ್ಳುವುದು ಗುರುವಾರ ಮತ್ತು ಅದರ ಮರುದಿನ ಹೆಚ್ಚು. ಗುರುವಾರ ಸಂಜೆ ಇನಾಸ್ ಮಾಸ್ತರರ ಹಾಡಿನ ಕ್ಲಾಸು. ಇನಾಸ್ ಮಾಸ್ತರರೆಂದರೆ ಇಡೀ ಊರಿಗೆ ಬೇಕಾದವರು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಸಾವಿನ ಮನೆಯಲ್ಲೂ ಅವರೇ ಹಾಡಬೇಕು, ಮದುವೆಯಲ್ಲೂ ಅವರೇ. ಗಣಪಿಯನ್ನು ಕಂಡರೆ ಎರಡೂ ಕೈ ಜೋಡಿಸುವವರು. ಕ್ಲಾಸು ಮುಗಿದ ಮೇಲೆ, "ಮೋನಿಯನ್ನ ಕಳಿಸಿ, ಹಾರ್ಮೋನಿಯಂ ಒರೆಸಲಿ" ಎಂದು ಹೇಳಿ ಕಳಿಸುತ್ತಿದ್ದರು. ಅದರಲ್ಲೇನು ವಿಶೇಷ ಎಂದು ಗಣಪಿ ಮೂರು ವರ್ಷ ಯೋಚಿಸಿಯೇ ಇರಲಿಲ್ಲ.

ಮುಂದಿನ ಗುರುವಾರ ಒಂದು ಲೋಟ ಚಾ ಹಿಡಿದು ಹಾಡಿನ ಕೋಣೆಗೆ ಹೋದಳು. ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಚಾದ ಮೇಲೆ ಕೆನೆ ಕಟ್ಟುವಷ್ಟು ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಮಾಸ್ತರರು ನಗುತ್ತಿದ್ದರು. ಮೋನಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಪಾಪದ್ದು, ಪ್ರಾರ್ಥನೆ ಕಲಿಸ್ತಿದ್ದೆ" ಎಂದರು ಮಾಸ್ತರರು.

"ಚಿಲಕ ಹಾಕಿ?"

"ಗಾಳಿಗೆ ಬಾಗಿಲು ಬಡೀತದಲ್ಲ ಗಣಪಿ ಬಾಯಿ."

ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ. ಗಣಪಿ ಮೋನಿಯ ಕೈ ಹಿಡಿದು ಕರೆದುಕೊಂಡು ಬಂದಳು.

ಮರುದಿನ ಬೆಳಿಗ್ಗೆ ಬೋರ್ಡಿಂಗಿನ ಲೂಸಿ ಎಂಬ ಹನ್ನೊಂದು ವರ್ಷದ ಹುಡುಗಿ ಬಟಾಟೆ ಸುಲಿಯಲು ಅಡುಗೆಮನೆಗೆ ಬಂದಳು. ಸುಲಿಯುತ್ತ ಸುಲಿಯುತ್ತ, ತಲೆ ಎತ್ತದೆ ಕೇಳಿದಳು, "ಗಣಪಿ ಬಾಯಿ, ಇನ್ನು ಮೋನಿಯನ್ನ ಕಳಿಸೂದಿಲ್ವಾ?"

"ಎಂತಕೆ ಕೇಳ್ತೆ?"

"ಅವ್ಳು ಹೋಗದಿದ್ರೆ ಮಾಸ್ತರ್ರು ನಮ್ಮಲ್ಲಿ ಯಾರನ್ನಾದ್ರೂ ಕರೀತಾರೆ. ಅದ್ಕೇ ನಾವೇ ಅವ್ಳನ್ನ ದೂಡಿ ಕಳಿಸ್ತಿದ್ವು."

ಗಣಪಿ ಸೌಟು ಬದಿಗಿಟ್ಟು ಅವಳ ಪಕ್ಕ ಕೂತಳು. ಹುಡುಗಿಯನ್ನು ಇನ್ನೇನೂ ಕೇಳಲಿಲ್ಲ. "ಇನ್ನು ಯಾರೂ ಹೋಗೂದು ಬ್ಯಾಡ. ನೀನೂ ಬ್ಯಾಡ, ಮೋನಿಯೂ ಬ್ಯಾಡ. ನಿಂದೆಂತಾ ತಪ್ಪಿಲ್ಲ, ತಿಳೀತೇ?" ಎಂದಳು. ಲೂಸಿ ತಲೆಯಾಡಿಸಿ ಬಟಾಟೆ ಸುಲಿಯುತ್ತಲೇ ಇದ್ದಳು.

ಗಣಪಿ ಎಲ್ಲವನ್ನೂ ಸಿಸ್ಟರ್ ಅಪೊಲಿನಾ ಅವರಿಗೆ ಹೇಳಿದಳು. ಇಬ್ಬರೂ ದೊಡ್ಡ ಪಾದ್ರಿಗಳ ಎದುರು ಹೋಗಿ ನಿಂತರು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು.

"ಹೋದ ತಿಂಗಳು ದುರ್ಗಪ್ಪ ಅಂದಿ. ಈ ತಿಂಗಳು ಇನಾಸ್ ಅಂತಿ. ಬರುವ ತಿಂಗಳು ನಾನೋ?"

ಗಣಪಿ ಸಿಸ್ಟರ್ ಕಡೆ ತಿರುಗಿದಳು. ಸಿಸ್ಟರ್ ಬಾಯಿ ತೆರೆಯುತ್ತಾರೆಂದು ಕಾದಳು. ಸಿಸ್ಟರ್ ನೆಲ ನೋಡುತ್ತಿದ್ದರು.

"ಬುದ್ಧಿ ಇಲ್ಲದವಳ ಮಾತು, ಮಕ್ಕಳ ಮಾತು. ಇದನ್ನ ಹೊರಗೆ ಆಡಿದರೆ ಇಗರ್ಜಿಯ ಹೆಸರು ಹೋಗ್ತದೆ. ಒಲೆಯ ಮೇಲೆ ಏನಿದೆಯೋ ನೋಡಿಕೋ ಹೋಗು" ಎಂದರು ಪಾದ್ರಿಗಳು.

ಗಣಪಿ ಹೋದಳು, ಆದರೆ ಒಲೆಯ ಹತ್ತಿರಕ್ಕಲ್ಲ. ಕಾಯಿ ಸುಲಿಯುವ ಹಾರೆಕೋಲು ತೆಗೆದುಕೊಂಡು ಹೋಗಿ ಹಾಡಿನ ಕೋಣೆಯ ಚಿಲಕವನ್ನು ಮೊಳೆ ಸಮೇತ ಕಿತ್ತು ಬಾವಿಗೆ ಎಸೆದಳು. ಅಂದಿನಿಂದ ಕ್ಲಾಸಿನ ಹೊತ್ತಿಗೆ ಮೊರ ತುಂಬ ಅಕ್ಕಿ ತೆಗೆದುಕೊಂಡು ಆ ಕೋಣೆಯ ಹೊಸ್ತಿಲಲ್ಲೇ ಕೂರತೊಡಗಿದಳು. ಕೆಲಸದಿಂದ ಬಿಡಿಸುತ್ತಾರೆಂದು ಕಾದಳು. ಯಾಕೋ ಬಿಡಿಸಲಿಲ್ಲ. ಅದರ ಬಗ್ಗೆಯೂ ಅವಳಿಗೆ ಸಂಶಯವೇ. ಪಾದ್ರಿಗಳಿಗೂ ಒಳಗೊಳಗೇ ಗೊತ್ತಿತ್ತೋ ಏನೋ.

ಎರಡು ತಿಂಗಳಿಗೆ ಮಾಸ್ತರರಿಗೆ ಕುಮಟಾ ಕಡೆಯ ಇನ್ನೊಂದು ಬೋರ್ಡಿಂಗಿಗೆ ವರ್ಗವಾಯಿತು. ಮಾಲೆ ಹಾಕಿದರು, ಫೋಟೋ ತೆಗೆದರು. ಅವರಿಗೆ ಇಲ್ಲಿಯ ಹವೆ ಆಗುವುದಿಲ್ಲವಂತೆ ಎಂದು ಜನ ಮಾತಾಡಿಕೊಂಡರು. ಕುಮಟಾಕ್ಕೂ ಇಲ್ಲಿಗೂ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಅಲ್ಲಿಯ ಹವೆ ಬೇರೆಯಾಗಿರುತ್ತದೆಯೇ ಎಂದು ಗಣಪಿ ಪಾತ್ರೆ ತಿಕ್ಕುತ್ತ ಯೋಚಿಸಿದಳು. ಅಲ್ಲಿಯೂ ಹೆಣ್ಣುಮಕ್ಕಳಿದ್ದಾರೆ.

ಕುಮಟಾಕ್ಕೆ ಹೋಗುವ ಮೊದಲು ಅವಳಿಗೆ ಹಳದೀಪುರದಲ್ಲಿ ಇಳಿಯುವುದಿತ್ತು. ದುರ್ಗಪ್ಪ ಯಾರದೋ ಹಿತ್ತಲಿನ ಮರದ ಮೇಲಿದ್ದ. ಅವಳನ್ನು ಕಂಡರೂ ಇಳಿಯಲಿಲ್ಲ. ಕೆಳಗೆ ನಿಂತೇ ಕೂಗಿ ಹೇಳಿದಳು, "ದುರ್ಗಪ್ಪಾ, ನಂದು ತಪ್ಪಾತು."

ಮೇಲಿನಿಂದ ಎರಡು ಕಾಯಿ ಬಿದ್ದವು. ಆಮೇಲೆ ಮಾತು ಬಂತು. "ಆ ಕೋಣೆಯಿಂದ ಅಳ್ತಾ ಬಂದಿತ್ತು ಆ ಹುಡ್ಗಿ. ಕಿಸೆಲಿ ಪೆಪ್ಪರಮಿಂಟಿತ್ತು, ಕೊಟ್ಟೆ. ನೀ ಕೇಳಿದ್ರೆ ಹೇಳ್ತಿದ್ದೆ. ಕೇಳ್ಲೇ ಇಲ್ಲ ನೀನು."

"ಕೇಳ್ಲಿಲ್ಲ, ಹೌದು."

"ನನ್ ಹೆಂಡ್ತಿ ಮೂರು ತಿಂಗಳಾತು, ನನ್ ಸಂಗ್ತಿಗೆ ಮಾತಾಡೂದಿಲ್ಲ. ತಪ್ಪು ಅವಳ ಹತ್ರ ಹೇಳು."

ಗಣಪಿ ಅವನ ಮನೆಗೆ ಹೋಗಿ ಅವನ ಹೆಂಡತಿ ಗಂಗಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಗಂಗಿ ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. ಹೇಳಿ ಮುಗಿದ ಮೇಲೆ ಬಾಗಿಲು ಹಾಕಿಕೊಂಡಳು. ಅಷ್ಟು ಆಗಬೇಕಾದದ್ದೇ ಎಂದುಕೊಂಡು ಗಣಪಿ ಮುಂದಿನ ಬಸ್ಸು ಹತ್ತಿದಳು.

ಕುಮಟಾದ ಬೋರ್ಡಿಂಗಿನ ಅಡುಗೆಯವಳು ನಾಗಿ, ಕಾಗಾಲದವಳು. ಗಣಪಿ ಹೇಳಿದ್ದನ್ನು ಕೇಳಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಾಸ್ತರ್ರು ದೇವ್ರಂಥ ಮನುಷ್ಯ. ನಿಂಗೆ ಅವ್ರ ಮೇಲೆ ಎಂತಾ ಹಗೆ?"

"ನನ್ ಮಾತು ನಂಬ್ಬೇಡ ಮಾರಾಯ್ತಿ. ನಾನೂ ಒಬ್ರ ಮೇಲೆ ಸುಳ್ಳೇ ಹೇಳಿದವಳೇ. ನೀ ಬಾಗಿಲು ನೋಡ್ತಾ ಇರು. ಹಾಕಿದ್ರೆ ತಟ್ಟು. ಮಕ್ಕಳು ಎಂತಾದ್ರೂ ಹೇಳುಕೆ ಬಂದ್ರೆ ಕೈಕೆಲ್ಸ ಬಿಟ್ಟು ಕೇಳು."

ನಾಗಿ ಅರ್ಧ ಮಾತಿಗೇ ಎದ್ದು ಒಳಗೆ ಹೋದಳು. ಆಮೇಲೆ ವರ್ಷಕ್ಕೆ ಎರಡು ಸಲ ಗಣಪಿ ಕುಮಟಾಕ್ಕೆ ಹೋಗಿ ಬಂದಳು. ಪ್ರತಿ ಸಲವೂ ನಾಗಿ ಅದೇ ಮುಖ ಮಾಡಿದಳು. ಇದ್ದದ್ದನ್ನು ಮುಚ್ಚುತ್ತಿದ್ದಾಳೋ, ನಿಜವಾಗಿಯೂ ಏನೂ ಇಲ್ಲವೋ ತಿಳಿಯದೆ ಗಣಪಿ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ವಾಪಸು ಬರುತ್ತಿದ್ದಳು. ಒಮ್ಮೊಮ್ಮೆ ತನ್ನ ತಲೆಯೇ ಕೆಟ್ಟಿದೆಯೇನೋ ಎನಿಸುತ್ತಿತ್ತು. ಮಗನ ಮನೆಯಲ್ಲಿ ಮೊಮ್ಮಗಳನ್ನು ಟ್ಯೂಷನ್ನಿಗೆ ಕಳಿಸಲು ಬಿಡದೆ ಸೊಸೆಯೊಡನೆ ಜಗಳವಾಗಿತ್ತು. "ಲೋಕದಲ್ಲಿ ಒಬ್ಬನೂ ನೆಟ್ಟಗಿಲ್ವಾ ನಿಮ್ಗೆ?" ಎಂದಿದ್ದಳು ಸೊಸೆ.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾಗಿ ತಾನಾಗಿ ಹೊನ್ನಾವರಕ್ಕೆ ಬಂದಳು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ತಟ್ಟಿದೆ ಗಣಪಿ. ನೀ ಹೇಳಿದ ಹಾಗೇ ಇತ್ತು. ತಟ್ಟುಕೆ ನಾಲ್ಕು ವರ್ಷ ತಡ ಮಾಡ್ದೆ ನಾನು."

"ಈಗ ಅಂವ ಎಲ್ಲಿದ್ದ?"

"ಭಟ್ಕಳದ ಬದಿಗೆ ಕಳ್ಸಿದ್ರು. ಮಕ್ಕಳಿಗೆ ಧರ್ಮಪಾಠ ಹೇಳುಕೆ."

ಇಬ್ಬರೂ ಒಟ್ಟಿಗೆ ಭಟ್ಕಳಕ್ಕೆ ಹೋದರು. ಅಲ್ಲಿ ಬೋರ್ಡಿಂಗಿರಲಿಲ್ಲ, ಮಾತಾಡಿಸಲು ಅಡುಗೆಯವಳೂ ಇರಲಿಲ್ಲ. ಇಗರ್ಜಿಯ ಹತ್ತಿರ ಬಟ್ಟೆ ಹೊಲಿಯುತ್ತಿದ್ದ ಕಾರ್ಮಿನ್ ಬಾಯಿಯ ಇಬ್ಬರು ಹೆಣ್ಣುಮಕ್ಕಳು ಪಾಠಕ್ಕೆ ಹೋಗುತ್ತಾರೆಂದು ವಿಚಾರಿಸಿ ತಿಳಿದು ಅವಳ ಮನೆಗೆ ಹೋದರು. ಇಗರ್ಜಿಯ ಮಾಸ್ತರರ ಮೇಲೆ ಚಾಡಿ ಹೇಳಲು ಎರಡು ಊರು ದಾಟಿ ಬಂದ ಹಿಂದೂ ಹೆಂಗಸರನ್ನು ಕಂಡು ಕಾರ್ಮಿನ್ ಬಾಯಿ ಅರ್ಧ ಬಾಗಿಲು ಮುಚ್ಚಿದಳು. ಗಣಪಿ ಮುಚ್ಚಿದ ಆ ಅರ್ಧಕ್ಕೇ ಕೊಂಕಣಿಯಲ್ಲಿ ಮಾತಾಡಿದಳು. ಮೋನಿಯ ವಿಷಯ ಹೇಳಿದಳು, ಲೂಸಿ ಹೇಳಿದ್ದನ್ನು ಹೇಳಿದಳು, ತಾನು ದುರ್ಗಪ್ಪನಿಗೆ ಮಾಡಿದ್ದನ್ನೂ ಮುಚ್ಚಿಡಲಿಲ್ಲ. ನಾಗಿ ತನ್ನ ನಾಲ್ಕು ವರ್ಷದ ಕಥೆ ಹೇಳಿದಳು. ಉಳಿದರ್ಧ ಬಾಗಿಲನ್ನು ಕಾರ್ಮಿನ್ ಬಾಯಿ ಮುಚ್ಚಲಿಲ್ಲ.

"ನಿಮ್ಮ ಮಕ್ಕಳನ್ನ ಬೈದು ಕೇಳ್ಬೇಡಿ. ಊಟ ಬಡಿಸ್ಕಂತಾ ಕೇಳಿ" ಎಂದು ಗಣಪಿ ಹೇಳಿದ ಮೇಲೆ ಇಬ್ಬರೂ ಹೊರಟು ಬಂದರು.

ಕಾರ್ಮಿನ್ ಬಾಯಿ ಮಕ್ಕಳನ್ನು ಹಾಗೇ ಕೇಳಿದಳು. ಅವರು ಹೇಳಿದ್ದನ್ನು ನೆರೆಮನೆಯವಳ ಹತ್ತಿರ ಹೇಳಿದಳು, ಅವಳು ಇನ್ನೊಬ್ಬಳ ಹತ್ತಿರ. ಎರಡನೇ ಭಾನುವಾರ ಪೂಜೆ ಮುಗಿದ ಮೇಲೆ ಹನ್ನೊಂದು ತಾಯಂದಿರು ಮನೆಗೆ ಹೋಗದೆ ಇಗರ್ಜಿಯ ಮೆಟ್ಟಿಲ ಮೇಲೆ ಕೂತರು. ಗಂಡಂದಿರು ಬಂದು ಕರೆದರು, ಏಳಲಿಲ್ಲ. ಬಿಸಿಲು ಏರಿತು, ಏಳಲಿಲ್ಲ. ಕೊನೆಗೆ ಅಲ್ಲಿಯ ಪಾದ್ರಿಗಳು ಹೊರಗೆ ಬಂದು, ಪಾಠ ಇನ್ನು ತೆರೆದ ಜಗಲಿಯಲ್ಲೇ ನಡೆಯುತ್ತದೆ, ಇಬ್ಬರು ತಾಯಂದಿರು ಜೊತೆಗಿರುತ್ತಾರೆ, ಇನಾಸ್ ಮಾಸ್ತರರು ಇರುವುದಿಲ್ಲ ಎಂದು ಹೇಳಬೇಕಾಯಿತು. ಸೋಮವಾರದ ಬಸ್ಸಿಗೆ ಮಾಸ್ತರರು ಹೊರಟರು. ಮುಂಬಯಿಗೆ ಎಂದರು ಕೆಲವರು, ಗೋವೆಗೆ ಎಂದರು ಕೆಲವರು. ಪೊಲೀಸರವರೆಗೆ ಹೋಗಲು ಯಾರ ಮನೆಯವರೂ ಒಪ್ಪಲಿಲ್ಲ. ಹೆಣ್ಣುಮಕ್ಕಳ ಹೆಸರು ಬರುತ್ತದಲ್ಲ ಎಂದರು. ತಾಯಂದಿರು ಗೆದ್ದರೆಂದು ನಾಗಿಗೆ ಖುಷಿ. ಗಣಪಿಗೆ ಮಾತ್ರ ಆ ಬಸ್ಸು ಎಲ್ಲಿ ನಿಂತಿತೆಂಬ ಚಿಂತೆ.

ಈ ನಡುವೆ ಸಿಸ್ಟರ್ ಅಪೊಲಿನಾ ಅವರಿಗೂ ಬೇರೆ ಊರಿಗೆ ವರ್ಗವಾಗಿತ್ತು. ಎಂಬತ್ನಾಲ್ಕರಲ್ಲಿ ಅವರು ಹೊನ್ನಾವರಕ್ಕೆ ಮೇಲ್ವಿಚಾರಕರಾಗಿ ಮರಳಿ ಬಂದರು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಂದ ಮೂರನೇ ದಿನ ಗಣಪಿಯನ್ನು ಆಫೀಸಿಗೆ ಕರೆದು ಕುರ್ಚಿ ತೋರಿಸಿದರು. ಗಣಪಿ ಕುರ್ಚಿಯನ್ನು ಸಂಶಯದಿಂದಲೇ ನೋಡಿ ತುದಿಯಲ್ಲಿ ಕೂತಳು.

"ಅವತ್ತು ನಾನು ಬಾಯಿ ಬಿಡಲಿಲ್ಲ" ಎಂದರು ಸಿಸ್ಟರ್. "ಈಗ ಬರೀತೇನೆ. ನೀ ಕಂಡದ್ದನ್ನು ಕಂಡ ಹಾಗೆ ಹೇಳು."

"ನೀವು ಸುಮ್ಮನಿದ್ದದ್ದೂ ಬರೀತ್ರಾ?"

"ಮೊದಲು ಅದನ್ನೇ."

ಮೂರು ಸಂಜೆ ಬರೆದರು. ಒಂದು ಸಂಜೆ ಮೋನಿಯೂ ಬಂದು ನೆಲದ ಮೇಲೆ ಕೂತಳು. ಬೇಕಾದರೆ ಎದ್ದು ಹೋಗಬಹುದು ಎಂದು ಸಿಸ್ಟರ್ ಎರಡು ಸಲ ಹೇಳಿದರೂ ಹೋಗಲಿಲ್ಲ. ಗಣಪಿ ಹೆಬ್ಬೆಟ್ಟು ಒತ್ತಿದಳು. ಕಾಗದ ಬಿಷಪರ ಕಚೇರಿಗೆ ಹೋಯಿತು.

ಉತ್ತರ ಬಂದದ್ದು ನಾಲ್ಕು ತಿಂಗಳ ಮೇಲೆ. ಸಿಸ್ಟರ್ ಅದನ್ನು ಹಿಡಿದುಕೊಂಡು ಅಡುಗೆಮನೆಗೇ ಬಂದರು.

"ಎಂತಾ ಬರೆದ್ರು?"

"ಕಾಗದ ತಲುಪಿದೆ ಅಂತ."

"ಅಂವ ಎಲ್ಲಿದ್ದ ಅಂತ ಬರೆದಿದ್ರಾ?"

"ಇಲ್ಲ."

"ಅಲ್ಲಿಯ ಮಕ್ಕಳ ತಾಯಿಯರಿಗೆ ಹೇಳಿದ್ರಾ ಅಂತ?"

"ಅದೂ ಇಲ್ಲ. ತಲುಪಿದೆ ಅಂತ ಅಷ್ಟೇ."

ಗಣಪಿ ಕೈ ಒರೆಸಿಕೊಂಡು ಆ ಕಾಗದವನ್ನು ಇಸಿದುಕೊಂಡಳು. ಓದು ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿದಳು.

"ಹಾಗಾದ್ರೆ ಇನ್ನೊಂದು ಬರೀರಿ ಸಿಸ್ಟರ್" ಎಂದಳು. "ಈ ಎರಡು ಪ್ರಶ್ನೆ ಮಾತ್ರ ಬರೀರಿ."

ಸಿಸ್ಟರ್ ಬಟಾಟೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಮಣೆಯ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದರು.