ಅವ್ವ ವಿಭೂತಿ ಹಚ್ಚಿದ ಜಾಗ

೧೯೬೨ರ ಶ್ರಾವಣದ ಒಂದು ಸೋಮವಾರ, ಬೆಳಗಿನ ಪೂಜೆಯ ಹೊತ್ತು. ದಾಸನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಕೋಣೆಯ ಹೊಸ್ತಿಲಿನ ಬಲಕ್ಕೆ ನಾನು ನಿಂತಿದ್ದೆ. ಅವ್ವ ಮತ್ತು ಅಕ್ಕ ನನ್ನಿಂದ ಒಂದು ಮಾರು ದೂರವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಂಥ ಸಂಗತಿ ಬೇರೆಯವರು ಹೇಳಿದಾಗ, ದೂರದಿಂದ ಕಂಡಿರಬೇಕು, ಆಮೇಲೆ ಬೆಳೆಸಿರಬೇಕು ಎಂದು ನಕ್ಕವನು ನಾನು.

ನಮ್ಮಲ್ಲೇ ಇದ್ದ ಅಕ್ಕ ಗೌರವ್ವನ ಮೂಗಿನ ಮೇಲೆ ಮಾಯದ ಹುಣ್ಣೊಂದಿತ್ತು. ಚರ್ಮದ ಕ್ಯಾನ್ಸರ್ ಎಂದು ತಿಳಿದ ಮೇಲೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಮೂಗಿನ ಆ ಭಾಗವನ್ನೇ ಕತ್ತರಿಸಿ ತೆಗೆದರು. ಹಣೆಯ ನಡುವಿನ ಚರ್ಮವನ್ನು ಬಿಡಿಸಿ, ಕೆಳಕ್ಕೆ ತಿರುಗಿಸಿ ಹೊಲಿದು, ಹೊಸ ಮೂಗು ಕಟ್ಟಿದರು. ಅವ್ವನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಕೊರಗಿಯಾಳೆಂದು, ಅಕ್ಕ ಹೊಟ್ಟೆನೋವಿನ ಔಷಧಕ್ಕೆ ಹೋಗಿದ್ದಾಳೆ ಎಂದಷ್ಟೇ ಹೇಳಿದ್ದೆವು. ಮೂಗಿನ ಸುದ್ದಿ ನನಗೂ ನನ್ನ ಹೆಂಡತಿ ನೀಲವ್ವನಿಗೂ ಮಾತ್ರ ಗೊತ್ತು.

ಅಕ್ಕ ಮರಳಿದ್ದು ಹಿಂದಿನ ಸಂಜೆ. ದನಿ ಬದಲಾಗಿದ್ದಕ್ಕೆ ನೆಗಡಿ ಎಂದಳು. "ದವಾಖಾನಿಗೆ ಹೋಗಿ ನೆಗಡಿ ತಂದ್ಯಾ? ಚಲೋ ಔಷಧ ಕೊಟ್ಟಾರ" ಎಂದು ಅವ್ವ ನಕ್ಕಳು.

ಆದರೆ ಸೋಮವಾರ ಪೂಜೆ ಮುಗಿಸಿ ಮಕ್ಕಳ ಹಣೆಗೆ ತಾನೇ ವಿಭೂತಿ ಹಚ್ಚುವುದು ಅವ್ವನ ಪದ್ಧತಿ. ಎಡಗೈಯಲ್ಲಿ ಗದ್ದ ಹಿಡಿದು, ಬಲಗೈಯ ಮೂರು ಬೆರಳಿಂದ ಎಳೆಯುತ್ತಿದ್ದಳು. ಅಕ್ಕನಿಗೆ ಅದೇ ಹೆದರಿಕೆ.

"ಕಣ್ಣಿದ್ದೋರು ಏನರ ಅನ್ಲಿ. ಅವ್ವನ ಕೈಗೆ ನನ್ನ ಗುರ್ತು ಸಿಗದಿದ್ರ ನಾ ಯಾರ ಮಗಳು ಆಗ್ಲೋ?" ಎಂದು ನನ್ನನ್ನು ಕೇಳಿದ್ದಳು.

ಅವ್ವ ಕರೆದಳು. ಅಕ್ಕ ಹೋಗಿ ಎದುರಿಗೆ ಕುಳಿತಳು. ಎಡಗೈ ಗದ್ದ ಹಿಡಿಯಿತು. ವಿಭೂತಿಯ ಬೆರಳುಗಳು ಹಣೆಯ ಕಲೆಯವರೆಗೆ ಬಂದು, ಮುಟ್ಟದೆ ನಿಂತವು. ಆಮೇಲೆ ನಿಧಾನವಾಗಿ ಕೆಳಗಿಳಿದು, ಹೊಸ ಮೂಗಿನ ಮೇಲೆ, ಹೊಲಿದು ಕೂಡಿಸಿದ ಆ ಚರ್ಮದಷ್ಟೇ ಅಗಲಕ್ಕೆ ಗೆರೆ ಎಳೆದವು.

"ಇಲ್ಲಿಗೆ ಬಂದೈತಲ್ಲ ನಿನ್ನ ಹಣಿ" ಎಂದಳು ಅವ್ವ, ಎಂದಿನ ದನಿಯಲ್ಲೇ.

ಅಕ್ಕ ಕೈಯೆತ್ತಿ ಹಣೆಯ ಕಲೆ ಮುಟ್ಟಿಕೊಂಡಳು. "ಇಲ್ಲಿ ತಂಪಾತು, ಯವ್ವಾ." ಅಲ್ಲಿ ವಿಭೂತಿ ಇರಲಿಲ್ಲ.

ಅಕ್ಕನ ಮಾತಿಗೆ ಡಾಕ್ಟರು ಆಮೇಲೆ ಕಾರಣ ಕೊಟ್ಟರು. ಹಣೆಯ ಚರ್ಮದ ಜೊತೆ ಅದರ ನರಗಳೂ ಬಂದಿರುತ್ತವಂತೆ. ಮೂಗು ಮುಟ್ಟಿದರೆ ಕೆಲಕಾಲ ಹಣೆ ಮುಟ್ಟಿದಂತಾಗುತ್ತದಂತೆ. ಒಪ್ಪಿದೆ. ಆದರೆ ಅವ್ವನ ಬೆರಳಿಗೆ ಹೇಳಿದವರು ಯಾರು? ನಾನಲ್ಲ. ನೀಲವ್ವ ದೇವರ ದೀಪ ಮುಟ್ಟಿ ತಾನಲ್ಲ ಎಂದಳು. ಅವ್ವನನ್ನೇ ಕೇಳಿದರೆ, ಇಷ್ಟು ವರ್ಷ ಹಚ್ಚಿದ ಜಾಗ ತನಗೆ ಗೊತ್ತಾಗುವುದಿಲ್ಲವೇ ಎಂದು ನನಗೇ ಗದರಿದಳು.

ಅವ್ವ ಈಗಿಲ್ಲ. ಅಂದು ನನ್ನೊಡನೆ ಕಂಡವಳು ನೀಲವ್ವ. ಹೊಸ್ತಿಲಿನ ಎಡಕ್ಕೆ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳಿದ್ದಾಳೆ. ಅಕ್ಕ ಗೌರವ್ವನೂ ಇದ್ದಾಳೆ. ಸೋಮವಾರ ಬಂದರೆ ವಿಭೂತಿಯನ್ನು ಎರಡೂ ಕಡೆ ಹಚ್ಚಿಕೊಳ್ಳುತ್ತಾಳೆ.