ಹಸಿರು ಟೊಪ್ಪಿಗೆಯ ಕರಿ ಪೆನ್ನು

ಗುರುಸಿದ್ದವ್ವ ತಿಕೋಟಾದ ಎಣ್ಣೆ ವ್ಯಾಪಾರಿಯೊಬ್ಬರ ಮಗಳು. ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿ, ಮದುವೆಯಾಗಿ ವಿಜಾಪುರಕ್ಕೆ ಬಂದವಳು. ಗಂಡ ಶಿವಶರಣಪ್ಪನಿಗೆ ಕೋರ್ಟಿಗೆ ಹೋಗುವ ಹಾದಿಯಲ್ಲಿ ಪೆನ್ನು ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ, ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಎದ್ದು ನಿಲ್ಲಬೇಕಾದಷ್ಟು ಜಾಗ. ಅವನು ಮಾತಿನಲ್ಲಿ ಜಾಣ. ವಕೀಲರು, ಕಾರಕೂನರು ಪೆನ್ನು ಕೆಡದಿದ್ದರೂ ಅವನ ಮಾತು ಕೇಳಲಿಕ್ಕೆ ಅಂಗಡಿಯ ಮುಂದೆ ನಿಲ್ಲುತ್ತಿದ್ದರು.

ಆದರೆ ಸಣ್ಣ ವಯಸ್ಸಿನಲ್ಲೇ ಅವನ ಕಣ್ಣಿಗೆ ಪೊರೆ ಬರತೊಡಗಿತು. ನಿಬ್ಬಿನ ನಡುವಿನ ಸೀಳು ಕಾಣದಾಯಿತು. ಆಗಿನಿಂದ ಅವನು ಪೆನ್ನುಗಳನ್ನು ಸಂಜೆ ಮನೆಗೆ ತರುತ್ತಿದ್ದ, ಗುರುಸಿದ್ದವ್ವ ತಾಜಬಾವಡಿಯ ಹತ್ತಿರದ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅವನ್ನು ಬಿಚ್ಚುತ್ತಿದ್ದಳು. ಬಿಸಿನೀರಿನಲ್ಲಿ ನೆನೆಸಿ ಒಣಗಿದ ಮಸಿ ತೆಗೆಯುವುದು, ಬಾಗಿದ ನಿಬ್ಬನ್ನು ಉಗುರಿನ ಮೇಲೆ ಒತ್ತಿ ನೇರ ಮಾಡುವುದು, ಸೀಳಿದ ಕೊಳವೆಗೆ ಅರಗು ಕರಗಿಸಿ ಹಚ್ಚುವುದು, ಎಲ್ಲ ಕಲಿತಳು. ಎರಡನೆಯ ಮಹಾಯುದ್ಧ ಶುರುವಾಗಿ ವಿಲಾಯತಿ ಪೆನ್ನು ಬರುವುದು ನಿಂತ ಮೇಲೆ, ಒಳಗಿನ ರಬ್ಬರಿನ ಚೀಲ ಹರಿದ ಪೆನ್ನುಗಳನ್ನು ಹನಿ ಹನಿ ಮಸಿ ಹಾಕಿ ತುಂಬಿಸುವ ಪೆನ್ನಾಗಿ ಬದಲಿಸುವುದನ್ನೂ ತಾನೇ ಕಂಡುಕೊಂಡಳು. ರಿಪೇರಿಯಾದ ಪ್ರತಿ ಪೆನ್ನಿನಿಂದ ಅವಳು ‘ಳ’ ಅಕ್ಷರ ಬರೆದು ನೋಡುತ್ತಿದ್ದಳು. ಆ ಒಂದು ಅಕ್ಷರದಲ್ಲಿ ನಿಬ್ಬು ಎಲ್ಲ ಕಡೆಗೂ ತಿರುಗಬೇಕು, ಅದಕ್ಕೆ.

ಒಂದು ದಿನ ಅವಳು ಗಂಡನ ಜೊತೆಗೇ ಅಂಗಡಿಗೆ ಹೊರಟಳು. ಓಣಿಯ ಹಿರಿಯ ನೀಲಾಬಾಯಿ ಬಾಗಿಲಲ್ಲೇ ತಡೆದಳು.

“ಬಜಾರದಾಗ ಗಂಡಸರ ನಡುವ ಕುಂದ್ರತೀ ಏನಬೇ? ಮಂದಿ ಏನಂದಾರು?”

“ಪೆನ್ನು ಚಲೋ ರಿಪೇರಿ ಮಾಡತಾಳ ಅಂತಾರ್ರಿ” ಎಂದು ಗುರುಸಿದ್ದವ್ವ ಸೆರಗು ಸಿಕ್ಕಿಸಿ ನಡೆದೇಬಿಟ್ಟಳು.

ಮೊದಮೊದಲು ಮಂದಿ ನಕ್ಕರು. ಆಮೇಲೆ ಪೆನ್ನನ್ನು ನೇರ ಅವಳ ಕೈಗೇ ಕೊಡತೊಡಗಿದರು. ಹಳೆಯ, ಮುರಿದ ಪೆನ್ನು ಎಲ್ಲಿ ಕಂಡರೂ ಅವಳು ಬಿಡುತ್ತಿರಲಿಲ್ಲ. ಶಿವಶರಣಪ್ಪ ಬಬಲೇಶ್ವರ, ಮಮದಾಪುರದ ಸಂತೆಗೆ ಹೋದಾಗ ಯಾರೋ ಎಸೆದ ನಿಬ್ಬು, ಟೊಪ್ಪಿಗೆ, ಬಿರುಕು ಬಿಟ್ಟ ಕೊಳವೆ, ಎಲ್ಲ ಚೀಲದಲ್ಲಿ ತರುತ್ತಿದ್ದ. ಅಂಗಡಿಯ ಒಳಗೋಡೆಗೆ ಒಂದು ಹಲಗೆ ಹೊಡೆಸಿ, ಅದರಲ್ಲಿ ತೂತು ಮಾಡಿ, ಅವಳು ತನಗೆ ಬಹಳ ಸೇರಿದ ಪೆನ್ನುಗಳನ್ನು ನಿಲ್ಲಿಸಿದ್ದಳು. ಕೆಂಪು ಅಲೆಗಳ ಗಟ್ಟಿ ರಬ್ಬರಿನವು, ಚಿಪ್ಪಿನಂತೆ ಹೊಳೆಯುವವು, ಮಕ್ಕಳ ಬೆರಳಿನಷ್ಟು ಸಣ್ಣವು. ಅವು ಮಾರಾಟಕ್ಕಲ್ಲ.

ಬಬಲೇಶ್ವರದ ಶಾಲೆಯ ಬಸಲಿಂಗಯ್ಯ ಮಾಸ್ತರು ಒಂದು ಸಲ ಜಜ್ಜಿಹೋದ ಪೆನ್ನು ತಂದರು. ನಿಬ್ಬು ಬಂಗಾರದ್ದು, ಟೊಪ್ಪಿಗೆ ಪುಡಿಯಾಗಿತ್ತು. ಕರಿ ಕೊಳವೆಗೆ ಹೊಂದುವ ಟೊಪ್ಪಿಗೆ ಅವಳ ಹತ್ತಿರ ಹಸಿರು ಬಣ್ಣದ್ದು ಒಂದೇ ಇತ್ತು. ಅದನ್ನೇ ತಿರುಪು ತಿದ್ದಿ ಕೂಡಿಸಿದಳು. ಮಾಸ್ತರು ಅಡ್ಡಡ್ಡ ಹಿಡಿದು ಬರೆಯುವವರು. ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ಕೈಗೆ ಹೊಂದುವ ಹಾಗೆ ನಿಬ್ಬಿನ ತುದಿಯನ್ನು ಓರೆಯಾಗಿ ಸಾಣೆ ಹಿಡಿದಳು. “ಇನ್ನ ಇದು ಬ್ಯಾರೆ ಯಾರ ಕೈಯಾಗೂ ನಡಿಯೂದಿಲ್ಲ ನೋಡ್ರಿ ಮಾಸ್ತರ್ರ” ಎಂದು ನಕ್ಕು ಕೊಟ್ಟಳು.

ನಲವತ್ತೆರಡರ ಆಗಸ್ಟ್ ಬಂತು. ಬಬಲೇಶ್ವರದಲ್ಲಿ ಪ್ರಭಾತಫೇರಿ ತೆಗೆದದ್ದಕ್ಕೆ ಮಾಸ್ತರನ್ನು ಹಿಡಿದರು, ಮನೆ ಜಪ್ತಿ ಮಾಡಿದರು, ಜೈಲಿಗೆ ಕಳಿಸಿದರು. ದಸರೆ ಮುಗಿದ ಮೇಲೆ ಪೊಲೀಸ್ ಫೌಜದಾರನೊಬ್ಬ ಅಂಗಡಿಯ ಮುಂದೆ ಬಂದು ನಿಂತು ಕಿಸೆಯಿಂದ ಪೆನ್ನು ತೆಗೆದ. ಕರಿ ಪೆನ್ನು, ಹಸಿರು ಟೊಪ್ಪಿಗೆ.

“ಈ ಹಸರ ಟೊಪ್ಪಿಗಿ ತಗದು ಕರೇದು ಹಾಕು. ನಿಬ್ಬೂ ಹಾಳಿಗಿ ಕಚ್ಚತೈತಿ, ಅದನ್ನೂ ನೋಡು.”

ಗುರುಸಿದ್ದವ್ವ ಪೆನ್ನನ್ನು ತಿರುಗಿಸಿ ನೋಡಿದಳು. ನಿಬ್ಬಿನ ತುದಿಯ ಓರೆ ತಾನೇ ಸಾಣೆ ಹಿಡಿದದ್ದು.

“ಇದು ನಿಮ್ಮ ಕಡೆ ಹ್ಯಾಂಗ ಬಂತ್ರಿ?”

“ಅದು ನಿನಗ ಯಾಕ? ರಿಪೇರಿ ಮಾಡು.”

“ಇದು ಬಸಲಿಂಗಯ್ಯ ಮಾಸ್ತರ ಪೆನ್ನು. ನಾನ ಜೋಡಿಸೇನಿ. ಇದನ್ನ ಅವರ ಕೈಯಾಗ ಕೊಡತೇನಿ, ನಿಮಗ ಕೊಡೂದಿಲ್ಲ.”

ಶಿವಶರಣಪ್ಪ ಹೆಂಡತಿಯ ಮೊಣಕೈ ಹಿಡಿದ. ಅವಳು ಬಿಡಿಸಿಕೊಂಡಳು. ತಮ್ಮ ಪೆನ್ನಿಗಾಗಿ ಕಾಯುತ್ತ ನಿಂತಿದ್ದ ವಕೀಲ ಪ್ರಲ್ಹಾದರಾಯರು ಅಲ್ಲಿಂದ ಕದಲಲಿಲ್ಲ.

“ಇದು ಸರ್ಕಾರಿ ಮಾಲು!” ಫೌಜದಾರ ಕೂಗಿದ.

“ಸರ್ಕಾರಿ ಮಾಲಾದ್ರ ಕಚೇರಿಯಾಗ ಇರಬೇಕಲ್ಲರಿ? ನಿಮ್ಮ ಕಿಸೆದಾಗ ಯಾಕ ಬಂತು?”

ಪ್ರಲ್ಹಾದರಾಯರು ಮೆಲ್ಲಗೆ ಕೇಳಿದರು: “ಪಂಚನಾಮೆದಾಗ ಈ ಪೆನ್ನು ಬರದೀರೇನು ಸಾಹೇಬರ?”

ಸುತ್ತ ಮಂದಿ ಸೇರುತ್ತಿದ್ದರು. ಫೌಜದಾರ ಪೆನ್ನು ಅಲ್ಲೇ ಬಿಟ್ಟು, ಅವಳನ್ನು ದುರುಗುಟ್ಟಿ ನೋಡಿ ಹೋದ.

ಅವನು ಸುಮ್ಮನಿರುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ಆಶಾಬಿ ಬಳೆ ಮಾರುತ್ತಿದ್ದಳು. ಗುರುಸಿದ್ದವ್ವ ಪೆನ್ನನ್ನು ಅವಳ ಮಡಿಲಿಗೆ ಹಾಕಿದಳು. ಆಶಾಬಿ ಅದಕ್ಕೆ ಕಾಗದ ಸುತ್ತಿ, ಮೇಲೆ ಸಾಲಾಗಿ ಹಸಿರು ಗಾಜಿನ ಬಳೆ ಏರಿಸಿ, ಉಳಿದ ಬಳೆಗಳ ಕಟ್ಟಿನ ನಡುವೆ ಇಟ್ಟುಬಿಟ್ಟಳು.

ಮರುದಿನ ಮುಂಜಾನೆ ಪೊಲೀಸರು ಬಂದರು. ಅಂಗಡಿಯನ್ನೆಲ್ಲ ಕೆದರಿದರು. ಪೆನ್ನು ಸಿಗದೆ, ಗೋಡೆಯ ಹಲಗೆ ಕಿತ್ತು ರಸ್ತೆಗೆ ಒಗೆದರು. ವರ್ಷಗಟ್ಟಲೆ ಕೂಡಿಸಿದ ಪೆನ್ನುಗಳ ಮೇಲೆ ಬೂಟುಗಳು ಓಡಾಡಿದವು. ಟಾಂಗಾದ ಗಾಲಿಯೂ ಹಾಯ್ದಿತು. ಅವಳನ್ನು ಠಾಣೆಗೆ ಕರೆದೊಯ್ದು ಸಂಜೆಯವರೆಗೆ ನೆಲದ ಮೇಲೆ ಕೂರಿಸಿದರು.

“ಪೆನ್ನು ಎಲ್ಲೈತಿ ಹೇಳು, ಮನಿಗಿ ಹೋಗು.”

“ಐತಿ. ಎಲ್ಲೈತಿ ಅಂತ ಹೇಳೂದಿಲ್ಲ.”

“ಜೈಲಿಗಿ ಹಾಕತೇನಿ.”

“ಹಾಕ್ರಿ. ಯಾವ ಪೆನ್ನು, ಯಾರದು, ನಿಮ್ಮ ಕಡೆ ಹ್ಯಾಂಗ ಬಂತು, ಎಲ್ಲಾ ಬರದು ಹಾಕ್ರಿ.”

ಫೌಜದಾರನಿಗೆ ಬರೆಯಲಾಗದ್ದು ಅದೊಂದೇ. ಹೊರಗೆ ಪ್ರಲ್ಹಾದರಾಯರು ಇನ್ನಿಬ್ಬರು ವಕೀಲರೊಂದಿಗೆ ಬಂದು ನಿಂತಿದ್ದರು. ದೀಪ ಹಚ್ಚುವ ಹೊತ್ತಿಗೆ ಅವಳನ್ನು ಬಿಟ್ಟರು.

ಅಂಗಡಿಯ ಹತ್ತಿರ ಬಂದಾಗ ಶಿವಶರಣಪ್ಪ ರಸ್ತೆಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಕಣ್ಣು ಕಾಣದ್ದಕ್ಕೆ ಅಂಗೈಯಿಂದ ಧೂಳು ಸವರುತ್ತ, ಕೈಗೆ ಸಿಕ್ಕ ಚೂರುಗಳನ್ನು ತನ್ನ ತಲೆಯ ಟೊಪ್ಪಿಗೆಯೊಳಗೆ ತುಂಬಿಕೊಳ್ಳುತ್ತಿದ್ದ. ಟಾಂಗಾದವರು ಬೈಯುತ್ತ ಸುತ್ತಿ ಹೋಗುತ್ತಿದ್ದರು. ಠಾಣೆಯಲ್ಲಿ ಅಳದವಳಿಗೆ ಅದನ್ನು ನೋಡಿ ಅಳು ತಡೆಯಲಾಗಲಿಲ್ಲ.

“ಕೊಟ್ಟಬಿಟ್ಟಿದ್ರ ಚಲೋ ಇತ್ತೇನ್ರಿ?” ಎಂದಳು.

“ಹುಚ್ಚೀ, ನಿಬ್ಬು ಭಾಳ ಉಳದಾವ” ಎಂದ ಅವನು. “ಕುಂದ್ರು, ನಿನ್ನ ಕಣ್ಣಿಗಿ ಇನ್ನೂ ಸಿಗತಾವ.”

ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕ ಹೆದರಿ ಜಾಗ ಬಿಡಿಸಿದ. ಅವರು ತಿಕೋಟಾಕ್ಕೆ ಹೋದರು. ಮಾಸ್ತರ ಪೆನ್ನು ಬಳೆಯ ಬುಟ್ಟಿಯಲ್ಲಿ ಆಶಾಬಿಯ ತಲೆಯ ಮೇಲೆಯೇ ತಿಕೋಟಾ ಸೇರಿತು. ತವರಿನ ಎಣ್ಣೆ ಅಂಗಡಿಯ ಕಟ್ಟೆಯ ಮೇಲೆ ಗುರುಸಿದ್ದವ್ವ ಸಾಣೆಕಲ್ಲು ಹಾಕಿಕೊಂಡು ಕುಳಿತಳು. ಪೊಲೀಸರ ಕೈಗೆ ಬಿದ್ದವಳೆಂದು ಊರಿನ ಕೆಲವರು ಮಾತು ಬಿಟ್ಟರು. ಆದರೆ ವಿಜಾಪುರದ ವಕೀಲರು ಬಸ್ಸಿನ ಡ್ರೈವರನ ಕೈಯಲ್ಲಿ ಪೆನ್ನು ಕಳಿಸುತ್ತಲೇ ಇದ್ದರು. ಬೂಟಿನಡಿ ಸಿಕ್ಕ ಚೂರುಗಳನ್ನು ಒಂದಕ್ಕೊಂದು ಕೂಡಿಸಿ ಅವಳು ಬಣ್ಣಬಣ್ಣದ ಪೆನ್ನು ಮಾಡತೊಡಗಿದಳು. ಕೊರಳು ಕೆಂಪು, ಹೊಟ್ಟೆ ಕಪ್ಪು, ಬುಡ ನೀಲಿ. ಬಿಜ್ಜರಗಿಯ ಮಾಸ್ತರುಗಳು ಅಂಥವೇ ಬೇಕೆಂದು ಕೇಳಿ ಒಯ್ದರು. ಪೊಲೀಸರು ಮುರಿದ ಪೆನ್ನು ಎಂದು ಎದೆಯ ಕಿಸೆಗೆ ಸಿಕ್ಕಿಸಿಕೊಂಡು ತಿರುಗುವುದು ಆಗ ಒಂದು ಹೆಮ್ಮೆಯಾಯಿತು.

ನಲವತ್ನಾಲ್ಕರ ಬೇಸಿಗೆಯಲ್ಲಿ ಬಸಲಿಂಗಯ್ಯ ಮಾಸ್ತರು ಬಿಡುಗಡೆಯಾಗಿ ಬಂದರು. ಪೆನ್ನಿನ ಸುದ್ದಿ ಕೇಳಿ ತಿಕೋಟಾಕ್ಕೆ ಬಂದ ಅವರ ಮುಂದೆ ಅವಳು ಪೆನ್ನು ಇಟ್ಟಳು. ಅವರು ಎತ್ತಿಕೊಳ್ಳಲಿಲ್ಲ. ಬಲಗೈಯನ್ನು ಮುಂದೆ ಚಾಚಿದರು. ಹೆಬ್ಬೆರಳು, ತೋರುಬೆರಳು ಸೆಟೆದು ನಿಂತಿದ್ದವು.

“ಜೈಲಿನಾಗ ಲಾಠಿ ಏಟು ಬಿತ್ತವ್ವ, ಬೆರಳು ಮಡಚೂದಿಲ್ಲ. ನೀ ಇಷ್ಟು ಕಷ್ಟಬಿದ್ದು ಇಟ್ಟೀ. ಇನ್ನ ಇದನ್ನ ಯಾರಿಗರೆ ಕೊಡು.”

ಗುರುಸಿದ್ದವ್ವ ಆ ಕೈಯನ್ನು ನೋಡಿದಳು. ಆಮೇಲೆ ಅವಳಿಗೆ ಸಿಟ್ಟೇ ಬಂತು.

“ಎಡಗೈ ಐತಿಲ್ಲೋ?”

“ಈ ವಯಸ್ಸಿನಾಗ ಎಡಗೈಲೆ...”

“ಅವರು ಒಂದು ಕೈ ಮುರದಾರ. ಇನ್ನೊಂದನ್ನ ನೀವ ಕಟ್ಟಿ ಕುಂದ್ರತೀರೇನು? ಕುಂದ್ರಿರಿ ಇಲ್ಲೆ.”

ಎಡಗೈ ನಿಬ್ಬನ್ನು ಎಳೆಯುವುದಿಲ್ಲ, ಮುಂದಕ್ಕೆ ನೂಕುತ್ತದೆ. ಓರೆಯಾದ ತುದಿ ಅದಕ್ಕೆ ಆಗದು. ಅವಳು ಅದನ್ನು ದುಂಡಗೆ ಉಜ್ಜತೊಡಗಿದಳು. ಒಂದಿಷ್ಟು ಉಜ್ಜುವುದು, ಮಾಸ್ತರ ಕೈಗೆ ಕೊಡುವುದು, ಅವರು ಗೀಚುವುದು, ಮತ್ತೆ ಕಸಿದುಕೊಂಡು ಉಜ್ಜುವುದು. ಊರ ಮಕ್ಕಳಿಗೆ ಅಕ್ಷರ ಕಲಿಸಿದವರ ಅಕ್ಷರಗಳು ಗೂಡು ಬಿಟ್ಟ ಇರುವೆಗಳ ಹಾಗೆ ಓಡಿದವು. ಮಾಸ್ತರು ನಾಚಿದರು, ಬೈದರು, ಎದ್ದು ಹೋಗಲು ನೋಡಿದರು. ಅವಳು ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನಿಬ್ಬು ಹಾಳೆಯ ಮೇಲೆ ಸದ್ದಿಲ್ಲದೆ ಜಾರಿತು. ಮಾಸ್ತರು ತಮ್ಮ ಹೆಸರು ಬರೆದರು. ವಕ್ರವಾಗಿತ್ತು, ಆದರೆ ಓದಲು ಬರುತ್ತಿತ್ತು.

ಸರಕಾರಿ ಶಾಲೆಯಲ್ಲಿ ಅವರಿಗೆ ಮತ್ತೆ ಕೆಲಸ ಸಿಗಲಿಲ್ಲ. ಬಬಲೇಶ್ವರದ ಗುಡಿಯ ಪೌಳಿಯಲ್ಲಿ ತಾವೇ ಮಕ್ಕಳನ್ನು ಕೂಡಿಸಿ, ಎಡಗೈಯಲ್ಲಿ ಬರೆದು ಕಲಿಸಿದರು.

ನಲವತ್ತಾರರಲ್ಲಿ ಗುರುಸಿದ್ದವ್ವ ಗಂಡನನ್ನು ಕರೆದುಕೊಂಡು ವಿಜಾಪುರಕ್ಕೆ ಮರಳಿದಳು. ಹಳೆಯ ಮಾಲೀಕ ಬಂದು ಅದೇ ಜಾಗ ಕೊಡುತ್ತೇನೆಂದ. ಅವಳು ಒಲ್ಲೆನೆಂದು, ಕೋರ್ಟಿನ ಬಾಗಿಲಿಗೆ ಎದುರಾಗಿ, ಠಾಣೆಯವರು ದಿನವೂ ಹಾಯುವ ದಾರಿಯಲ್ಲೇ ಒಂದು ಡಬ್ಬಿ ಅಂಗಡಿ ಹಾಕಿದಳು. ಅಂಗಡಿಯ ಹೆಸರಿನ ಪಾಟಿ ಬರೆಯಲು ಬಂದ ಪೇಂಟರ್ ಶಿವಶರಣಪ್ಪನನ್ನು ಕೇಳಿದ:

“ನಿಮ್ಮ ಹೆಸರು ಹ್ಯಾಂಗ ಬರೀಲಿರಿ?”

“ನಂದ್ಯಾಕ? ಕೆಲಸ ಮಾಡಾಕಿ ಆಕಿ. ‘ಗುರುಸಿದ್ದವ್ವ, ಪೆನ್ನು ರಿಪೇರಿ’ ಅಂತ ಬರಿ.”

“ಹೆಣ್ಮಕ್ಕಳ ಹೆಸರು ಪಾಟಿ ಮ್ಯಾಲ ಯಾರೂ ಬರಸೂದಿಲ್ರಿ.”

ಗುರುಸಿದ್ದವ್ವ ಮಾಡುತ್ತಿದ್ದ ಕೆಲಸದಿಂದ ತಲೆಯೆತ್ತಿದಳು.

“ದೊಡ್ಡ ಅಕ್ಷರದಾಗ ಬರಿಯೋ ತಮ್ಮಾ” ಎಂದಳು. “ಆ ಕಡಿ ಕೋರ್ಟಿನ ಮೆಟ್ಟಲದ ಮ್ಯಾಲ ನಿಂತವರಿಗೂ ಕಾಣಬೇಕು.”